ನಗರ ವಸತಿರಹಿತರ ತಂಗುದಾಣ

ಸೂರಿಲ್ಲದೆ ಪಾದಚಾರಿ ಮಾರ್ಗ, ಮೇಲ್ಸೇತುವೆಯ ಅಡಿ, ರೈಲು ನಿಲ್ದಾಣಗಳಲ್ಲಿ ಮಲಗುವವರಿಗೆ ನಗರ ಸ್ಥಳೀಯ ಸಂಸ್ಥೆಗಳು ಒದಗಿಸುವ ತಾತ್ಕಾಲಿಕ ವಸತಿ. ಭಾರತದಲ್ಲಿ ಇದಕ್ಕೆ ಬಲ ಬಂದದ್ದು 2010ರಲ್ಲಿ, ದೆಹಲಿಯ ಕೊರೆವ ಚಳಿಯಲ್ಲಿ ತಂಗುದಾಣವೊಂದನ್ನು ಕೆಡವಿದ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಸಾಲುವಷ್ಟು ಕಾಯಂ ತಂಗುದಾಣವಿರಬೇಕು. ತಲಾ 50 ಚದರಡಿಯಾದರೂ ಜಾಗ ಸಿಗಬೇಕು. ನೀರು, ಶೌಚಾಲಯ, ಸ್ನಾನಗೃಹ, ಅಡುಗೆಗೆ ಸ್ಥಳವೂ ಬೇಕು. ಚಳಿಗಾಲದಲ್ಲಿ ಮಾತ್ರವಲ್ಲ, ವರ್ಷವಿಡೀ ಹಗಲಿರುಳು ತೆರೆದಿರಬೇಕೆಂಬುದೇ ಇದರ ತಿರುಳು: ಮಾರುಕಟ್ಟೆಯಲ್ಲಿ ರಾತ್ರಿಯೆಲ್ಲ ಮೂಟೆ ಹೊರುವ ಹಮಾಲಿ ಮಲಗುವುದು ಹಗಲಿನಲ್ಲಿ. ಹಾಗಾಗಿಯೇ ತಂಗುದಾಣ ಊರಾಚೆ ಇದ್ದರೆ ಪ್ರಯೋಜನವಿಲ್ಲ; ಮಾರುಕಟ್ಟೆ, ಬಸ್ ನಿಲ್ದಾಣ, ದುಡಿಮೆಯ ಜಾಗಗಳ ಹತ್ತಿರವಿರಬೇಕು. ಗುರುತಿನ ಚೀಟಿ, ಪಡಿತರ, ಮಕ್ಕಳ ಶಾಲಾ ಪ್ರವೇಶಕ್ಕೂ ಇಲ್ಲಿಂದಲೇ ನೆರವು ದೊರೆಯಬೇಕು.