ಬೀವರ್ ಮಾದರಿಯ ಕಟ್ಟೆಗಳು: ಇಂಗಾಲದ ಉಳಿತಾಯವೆಷ್ಟು, ಹೊರಸೂಸುವಿಕೆಯೆಷ್ಟು?

ಬೀವರ್ ನಮ್ಮ ದೇಶದಲ್ಲಿ ಕಾಣಸಿಗದ ಪ್ರಾಣಿ. ಉತ್ತರ ಅಮೆರಿಕ, ಯೂರೋಪ್ ಮತ್ತು ಏಷ್ಯಾದ ಕೆಲವು ಭಾಗಗಳ ತೊರೆಗಳಲ್ಲಿ ವಾಸಿಸುವ ಈ ದಂಶಕವು ತನ್ನ ಬಲವಾದ ಹಲ್ಲುಗಳಿಂದ ಮರಗಳನ್ನು ಕಡಿದು, ಕೊಂಬೆ, ಕೆಸರು ಮತ್ತು ಕಲ್ಲುಗಳಿಂದ ಹರಿವಿಗೆ ಅಡ್ಡಲಾಗಿ ಕಟ್ಟೆ ಕಟ್ಟುತ್ತದೆ. ಹಿಂದೆ ನಿಂತ ನೀರಿನ ಕೊಳದಲ್ಲಿ ಗೂಡು ಮಾಡಿಕೊಂಡು ಶತ್ರುಗಳಿಂದ ರಕ್ಷಣೆ ಪಡೆಯುತ್ತದೆ. ಬತ್ತಿದ ತೊರೆಗಳ ಪುನಶ್ಚೇತನಕ್ಕಾಗಿ ಇದೇ ವಿಧಾನವನ್ನು ಈಗ ಮನುಷ್ಯರೂ ಅನುಸರಿಸುತ್ತಿದ್ದಾರೆ. ಇದರಿಂದ ಮಣ್ಣಿನಲ್ಲಿ ಇಂಗಾಲ ಶೇಖರವಾಗುತ್ತದೆ ಎಂಬ ವಾದವಿದೆ. ಆದರೆ ಅದೇ ತೇವಭೂಮಿಯಿಂದ ಮೀಥೇನ್ ಅನಿಲವೂ ಹೊಮ್ಮುತ್ತದೆ. ಹೀಗಾಗಿ ಜಮೆ ಮತ್ತು ಖರ್ಚು ಎರಡನ್ನೂ ಒಟ್ಟಿಗೆ ನೋಡುವುದು ಅನಿವಾರ್ಯ.

ಹಿನ್ನೆಲೆ

ಯೂರೋಪಿಯನ್ನರು ನೆಲೆಸುವ ಮುನ್ನ ಉತ್ತರ ಅಮೆರಿಕದಲ್ಲಿ 6 ಕೋಟಿಯಿಂದ 40 ಕೋಟಿ ಬೀವರ್‌ಗಳಿದ್ದವೆಂದು ಅಂದಾಜಿಸಲಾಗಿದೆ. ತುಪ್ಪಳದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಅವು 1900ರ ವೇಳೆಗೆ ಬಹುತೇಕ ನಾಶವಾದವು. ಯೂರೋಪ್ ಹಾಗೂ ಏಷ್ಯಾದಲ್ಲಿ ಆಗ ಉಳಿದದ್ದು ಸುಮಾರು 1,200 ಮಾತ್ರ. ನಂತರದ ಸಂರಕ್ಷಣೆಯಿಂದ ಎರಡೂ ಕಡೆ ಸಂತತಿ ಚೇತರಿಸಿಕೊಂಡಿದೆ.

ಕಟ್ಟೆಗಳು ಕಣ್ಮರೆಯಾದ ಮೇಲೆ ತೊರೆಗಳು ರಭಸದಿಂದ ಹರಿದು ತಳವನ್ನು ಕೊರೆದವು. ಪಾತ್ರ ಆಳವಾದಷ್ಟೂ ದಂಡೆಯ ಅಂತರ್ಜಲ ಕುಸಿಯಿತು. ಜೌಗು ಹುಲ್ಲುಗಾವಲುಗಳು ಒಣಗಿದವು. ಒಣಗಿದ ಮಣ್ಣಿಗೆ ಆಮ್ಲಜನಕ ದೊರೆತಾಗ, ಶತಮಾನಗಳಿಂದ ಸಂಚಯವಾಗಿದ್ದ ಜೈವಿಕ ಪದಾರ್ಥವನ್ನು ಸೂಕ್ಷ್ಮಾಣುಗಳು ಕೊಳೆಸುತ್ತವೆ. ಆ ಇಂಗಾಲವು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ವಾತಾವರಣ ಸೇರುತ್ತದೆ.

ಕೃತಕ ಕಟ್ಟೆ ಎಂದರೇನು?

ತೊರೆಯ ತಳದಲ್ಲಿ ಮರದ ಗೂಟಗಳನ್ನು ಸಾಲಾಗಿ ನೆಟ್ಟು, ಅವುಗಳ ನಡುವೆ ವಿಲ್ಲೋ ಮುಂತಾದ ಗಿಡಗಳ ಕೊಂಬೆಗಳನ್ನು ಹೆಣೆದು, ಸಂದುಗಳಿಗೆ ಮಣ್ಣು, ಕಲ್ಲು ತುಂಬಲಾಗುತ್ತದೆ. ಕಾಂಕ್ರೀಟ್ ಇಲ್ಲ. ನೀರು ಸೋರುತ್ತದೆ, ಕೆಲವೊಮ್ಮೆ ಪ್ರವಾಹಕ್ಕೆ ಕಟ್ಟೆ ಒಡೆಯುವುದೂ ಉಂಟು. ಹರಿವು ನಿಧಾನವಾಗಿ ಹೂಳು ನಿಲ್ಲಬೇಕು, ತಳ ಮೇಲೇರಬೇಕು, ನೀರು ಮತ್ತೆ ಬಯಲಿಗೆ ಹರಡಬೇಕು ಎಂಬುದೇ ಉದ್ದೇಶ. ಮುಂದಿನ ದುರಸ್ತಿಯನ್ನು ಬೀವರ್‌ಗಳೇ ವಹಿಸಿಕೊಂಡರೆ ಯೋಜನೆ ಸಫಲವೆಂದು ಭಾವಿಸಲಾಗುತ್ತದೆ.

ಅಮೆರಿಕದ ಒರೆಗಾನ್ ರಾಜ್ಯದ ಬ್ರಿಡ್ಜ್ ಕ್ರೀಕ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ 2009ರಿಂದ ನೂರಕ್ಕೂ ಹೆಚ್ಚು ಇಂತಹ ರಚನೆಗಳನ್ನು ನಿರ್ಮಿಸಲಾಯಿತು. ತರುವಾಯ ಬೀವರ್‌ಗಳು ಕಟ್ಟಿದ ಕಟ್ಟೆಗಳ ಸಂಖ್ಯೆಯೂ ಏರಿತು. ಸ್ಟೀಲ್‌ಹೆಡ್ ಮೀನಿನ ಮರಿಗಳ ಸಾಂದ್ರತೆ ಮತ್ತು ಉಳಿವಿನ ಪ್ರಮಾಣ ಹೆಚ್ಚಿದ್ದನ್ನು 2016ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಯೋಜನೆಯ ಗುರಿ ಮೀನಾಗಿತ್ತು, ಇಂಗಾಲವಲ್ಲ.

ಜಮೆಯ ಪಟ್ಟಿ

ನೀರಿನಲ್ಲಿ ನೆನೆದ ಮಣ್ಣಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಎಲೆ, ಬೇರು, ಮರದ ತುಂಡುಗಳು ಬಹು ನಿಧಾನವಾಗಿ ಕೊಳೆಯುತ್ತವೆ. ಹೊಳೆ ಹೊತ್ತು ತಂದ ಹೂಳಿನೊಂದಿಗೆ ಅವು ಹೂತುಹೋಗುತ್ತವೆ. ಮೇಲೆ ಹುಲುಸಾಗಿ ಬೆಳೆಯುವ ಹುಲ್ಲು, ವಿಲ್ಲೋ ಗಿಡಗಳು ಪ್ರತಿವರ್ಷ ಹೊಸ ಇಂಗಾಲವನ್ನು ಸೇರಿಸುತ್ತವೆ.

ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಭೂವಿಜ್ಞಾನಿ ಎಲೆನ್ ವೋಲ್ ಅವರು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ 27 ತೊರೆ ಜಲಾನಯನಗಳ ಕುರಿತ ತಮ್ಮ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ಬೀವರ್‌ಗಳು ತೊರೆದುಹೋದ ಹುಲ್ಲುಗಾವಲುಗಳಲ್ಲಿ ಆ ಪ್ರದೇಶದ ಒಟ್ಟು ಇಂಗಾಲದ ಸುಮಾರು ಶೇ 8ರಷ್ಟು ಉಳಿದಿದೆ. ಅವು ಸಕ್ರಿಯವಾಗಿದ್ದ ಕಾಲದಲ್ಲಿ ಈ ಪಾಲು ಶೇ 23ರ ಸಮೀಪವಿತ್ತೆಂಬುದು ಅವರ ಅಂದಾಜು.

ಬೆಂಕಿಯಿಂದ ರಕ್ಷಣೆಯೂ ಒಂದು ಲಾಭ. ಅಮೆರಿಕದ ಪಶ್ಚಿಮ ಭಾಗದ ಕಾಳ್ಗಿಚ್ಚುಗಳನ್ನು ಕುರಿತ 2020ರ ಅಧ್ಯಯನವೊಂದರ ಪ್ರಕಾರ, ಬೀವರ್ ಕಟ್ಟೆಗಳಿರುವ ತೊರೆಗಳ ದಂಡೆಗಳು ಬೆಂಕಿಯ ನಡುವೆಯೂ ಹೆಚ್ಚು ಹಸಿರಾಗಿ ಉಳಿದಿದ್ದವು.

ಖರ್ಚಿನ ಪಟ್ಟಿ

ಆಮ್ಲಜನಕದ ಕೊರತೆಯೇ ಇನ್ನೊಂದು ಬಗೆಯ ಸೂಕ್ಷ್ಮಾಣುಗಳಿಗೆ ಅನುಕೂಲ. ಅವು ಮೀಥೇನ್ ಉತ್ಪಾದಿಸುತ್ತವೆ. 100 ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಈ ಅನಿಲದ ತಾಪವರ್ಧಕ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು. 20 ವರ್ಷಗಳ ಅವಧಿಗೆ ಸುಮಾರು 80 ಪಟ್ಟು. ಅಂದರೆ ಯಾವ ಅವಧಿಯನ್ನು ಆಯ್ದುಕೊಳ್ಳುತ್ತೇವೆ ಎಂಬುದರ ಮೇಲೆಯೇ ಲೆಕ್ಕದ ಫಲ ಬದಲಾಗುತ್ತದೆ.

2015ರ ಅಧ್ಯಯನವೊಂದು ಬೀವರ್ ಕೊಳಗಳಿಂದ ವರ್ಷಕ್ಕೆ 1.8 ಲಕ್ಷದಿಂದ 8 ಲಕ್ಷ ಟನ್ ಮೀಥೇನ್ ಹೊಮ್ಮುತ್ತದೆಂದು ಅಂದಾಜಿಸಿತು. ಇದು 1900ಕ್ಕೆ ಹೋಲಿಸಿದರೆ ಸುಮಾರು 200 ಪಟ್ಟು. ಆದರೆ ಜಗತ್ತಿನ ಒಟ್ಟು ಮೀಥೇನ್ ಹೊರಸೂಸುವಿಕೆ ವರ್ಷಕ್ಕೆ 50 ಕೋಟಿ ಟನ್ ಮೀರುವುದರಿಂದ ಇದರ ಪಾಲು ಅತ್ಯಲ್ಪ. ಅಲಾಸ್ಕದಲ್ಲಿ ಪರಿಸ್ಥಿತಿ ಭಿನ್ನ. ಅಲ್ಲಿ ಬೀವರ್‌ಗಳು ಉತ್ತರದ ಹಿಮನೆಲಕ್ಕೆ ವಿಸ್ತರಿಸುತ್ತಿದ್ದು, ಹೊಸ ಕೊಳಗಳ ಸುತ್ತ ಮೀಥೇನ್ ಹೊಮ್ಮುವ ತಾಣಗಳು ಹೆಚ್ಚಿರುವುದನ್ನು 2023ರಲ್ಲಿ ಪ್ರಕಟವಾದ ವೈಮಾನಿಕ ಸಮೀಕ್ಷೆ ತೋರಿಸಿತು.

ನಿರ್ಣಾಯಕ ಅಂಶಗಳು

ಜಲಮಟ್ಟ ಎಲ್ಲಿ ನಿಲ್ಲುತ್ತದೆ ಎಂಬುದು ಮೊದಲನೆಯದು. ನೀರು ನೆಲದ ಮೇಲೆ ನಿಂತು ಕೊಳವಾದರೆ ಮೀಥೇನ್ ಹೆಚ್ಚು. ಮಟ್ಟವು ನೆಲಕ್ಕಿಂತ ತುಸು ಕೆಳಗಿದ್ದರೆ ಆಳದ ಇಂಗಾಲ ಸುರಕ್ಷಿತವಾಗಿರುತ್ತದೆ, ಮೇಲೇರುವ ಮೀಥೇನ್‌ನ ಬಹುಭಾಗವನ್ನು ಮೇಲ್ಪದರದ ಸೂಕ್ಷ್ಮಾಣುಗಳು ಅರಗಿಸಿಕೊಳ್ಳುತ್ತವೆ. ಆದ್ದರಿಂದ ವಿಶಾಲವಾದ ಜೌಗು ಹುಲ್ಲುಗಾವಲು ಆಳವಾದ ಕೊಳಕ್ಕಿಂತ ಲಾಭಕರ.

ಎರಡನೆಯದು ಬಾಳಿಕೆ. ಕಟ್ಟೆ ಒಡೆದು ತೊರೆ ಮತ್ತೆ ತಳ ಕೊರೆದರೆ ಹೂಳು ಕೊಚ್ಚಿಹೋಗುತ್ತದೆ, ಮಣ್ಣು ಒಣಗುತ್ತದೆ, ದಶಕಗಳ ಉಳಿತಾಯ ಕರಗುತ್ತದೆ. ಜಾನುವಾರು ಮತ್ತು ಎಲ್ಕ್ ಜಿಂಕೆಗಳ ಮೇವಿನಿಂದ ವಿಲ್ಲೋ ಗಿಡಗಳು ಬೆಳೆಯದಿದ್ದರೆ ಬೀವರ್‌ಗಳಿಗೆ ಆಹಾರವೂ ಇಲ್ಲ, ದುರಸ್ತಿಗೆ ಕೊಂಬೆಯೂ ಇಲ್ಲ.

ಮೂರನೆಯದು ಹೋಲಿಕೆಯ ಆಧಾರ. ಒಣಗುತ್ತಿರುವ ಹುಲ್ಲುಗಾವಲು ತಾನಾಗಿಯೇ ಇಂಗಾಲ ಕಳೆದುಕೊಳ್ಳುತ್ತಿರುತ್ತದೆ. ಆ ನಷ್ಟ ನಿಂತದ್ದನ್ನೂ ಜಮೆಗೆ ಸೇರಿಸದಿದ್ದರೆ ಲೆಕ್ಕ ಅಪೂರ್ಣ. ಹಾಗೆಯೇ ಮಣ್ಣಿನ ಇಂಗಾಲವನ್ನು ಮಾತ್ರ ಅಳೆದು ಮೀಥೇನ್ ಬಿಟ್ಟರೆ ಲೆಕ್ಕವೇ ತಪ್ಪು.

ಈ ಕಟ್ಟೆಗಳು ಅಂತರ್ಜಲ, ಮೀನು, ಪಕ್ಷಿ ಹಾಗೂ ಬೆಂಕಿ ತಡೆಗೆ ನೆರವಾಗುವುದರ ಬಗ್ಗೆ ಸಾಕ್ಷ್ಯ ಬಲವಾಗಿದೆ. ಇಂಗಾಲದ ಲಾಭವು ಸ್ಥಳ, ಜಲಮಟ್ಟ ಮತ್ತು ಕಾಲಾವಧಿಯನ್ನು ಅವಲಂಬಿಸಿದೆ. ಆದುದರಿಂದ ಅದನ್ನು ಇಂಗಾಲದ ಮಾರುಕಟ್ಟೆಯಲ್ಲಿ ಮಾರುವ ಮುನ್ನ ಪ್ರತಿ ತೊರೆಯಲ್ಲಿಯೂ ಎರಡೂ ಅನಿಲಗಳನ್ನು ವರ್ಷಗಟ್ಟಲೆ ಅಳೆಯುವುದು ಅವಶ್ಯ.