ತುಟ್ಟಿಭತ್ಯೆಯ ಹಿಂದಿನ ಲೆಕ್ಕ: ಗ್ರಾಹಕ ಬೆಲೆ ಸೂಚ್ಯಂಕ

ಮುಂಬಯಿಯ ಗಿರಣಿ, ಬ್ಯಾಂಕು ಹಾಗೂ ಸರಕಾರಿ ಕಚೇರಿಗಳಲ್ಲಿ ದುಡಿದ ಕನ್ನಡಿಗರಿಗೆ ತುಟ್ಟಿಭತ್ಯೆ ಚಿರಪರಿಚಿತ. ಅದಕ್ಕೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಪರಿಚಯವನ್ನು ಇಲ್ಲಿ ಮಾಡಿಕೊಳ್ಳೋಣ.

ಈ ಲೆಕ್ಕಕ್ಕೆ ನಮ್ಮ ನಗರದಲ್ಲಿ ದೀರ್ಘ ಇತಿಹಾಸವಿದೆ. 1921ರಲ್ಲಿ ಸ್ಥಾಪನೆಯಾದ ಮುಂಬಯಿ ಸರಕಾರದ ಲೇಬರ್ ಆಫೀಸು, 1914ರ ಜುಲೈ ತಿಂಗಳನ್ನು ಆಧಾರವಾಗಿಟ್ಟುಕೊಂಡು ಕಾರ್ಮಿಕರ ಜೀವನವೆಚ್ಚ ಸೂಚ್ಯಂಕವನ್ನು ಪ್ರಕಟಿಸತೊಡಗಿತು. ಸೂಚ್ಯಂಕವು ಬೆಲೆಯೇರಿಕೆಯನ್ನು ಕಡಿಮೆ ತೋರಿಸುತ್ತಿದೆಯೆಂದು ಕಾರ್ಮಿಕರು ಪ್ರತಿಭಟಿಸಿದಾಗ, 1963ರಲ್ಲಿ ಲಕ್ಡಾವಾಲಾ ಸಮಿತಿ ನೇಮಕಗೊಂಡಿತು. ಲೆಕ್ಕ ತಪ್ಪಿದರೆ ಸಂಬಳವೂ ತಪ್ಪುತ್ತದೆ ಎಂಬುದನ್ನು ಈ ನಗರ ಅಂದೇ ಅರಿತಿತ್ತು.

ಇಂದು ಈ ಹೊಣೆ ಕೇಂದ್ರ ಕಾರ್ಮಿಕ ಸಚಿವಾಲಯದ ಲೇಬರ್ ಬ್ಯೂರೋದ್ದು. ಮೊದಲು ಕುಟುಂಬಗಳ ಖರ್ಚಿನ ಸಮೀಕ್ಷೆ ನಡೆಸಿ, ಪ್ರತಿಯೊಂದು ವಸ್ತುವಿಗೂ ತೂಕ ನಿಗದಿಪಡಿಸಲಾಗುತ್ತದೆ. ಅನಂತರ ಮುಂಬಯಿ ಸೇರಿದಂತೆ 88 ಕೇಂದ್ರಗಳ 317 ಮಾರುಕಟ್ಟೆಗಳಲ್ಲಿ, ಗೊತ್ತುಪಡಿಸಿದ ಅಂಗಡಿಗಳಿಂದ ಅದೇ ಗುಣಮಟ್ಟದ ವಸ್ತುಗಳ ಬೆಲೆ ಸಂಗ್ರಹಿಸಲಾಗುತ್ತದೆ. ಮನೆಬಾಡಿಗೆಯನ್ನು ಮಾತ್ರ ಆರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ. 2020ರಲ್ಲಿ ಆಧಾರ ವರ್ಷವು 2001ರಿಂದ 2016ಕ್ಕೆ ಬದಲಾದಾಗ ಆಹಾರ-ಪಾನೀಯಗಳ ತೂಕ ಶೇ. 46.20ರಿಂದ 39.17ಕ್ಕೆ ಇಳಿದು, ವಸತಿಯದು ಶೇ. 15.27ರಿಂದ 16.87ಕ್ಕೆ ಏರಿತು. ಹೊಸ ಅಖಿಲ ಭಾರತ ಅಂಕವನ್ನು 2.88ರಿಂದ ಗುಣಿಸಿದರೆ ಹಳೆಯ ಸರಣಿಯ ಅಂಕ ದೊರೆಯುತ್ತದೆ.

ಒಂದು ಮಾತನ್ನು ನಾವು ಮರೆಯಬಾರದು. ಸೂಚ್ಯಂಕವು ಅಳೆಯುವುದು ಬೆಲೆ ಏರಿದ ಪ್ರಮಾಣವನ್ನು, ಊರಿನ ದುಬಾರಿತನವನ್ನಲ್ಲ. ಮುಂಬಯಿಯ ಅಂಕ ಬೇರೊಂದು ಊರಿನದಕ್ಕಿಂತ ಕಡಿಮೆಯಿದ್ದರೆ ಇಲ್ಲಿ ಬದುಕು ಅಗ್ಗವೆಂದು ಅರ್ಥವಲ್ಲ. ಅದು ಸರಾಸರಿ ಕುಟುಂಬದ ಲೆಕ್ಕವೂ ಹೌದು. ಔಷಧಿಗೇ ಹೆಚ್ಚು ವ್ಯಯಿಸುವ ನಿವೃತ್ತರ ಮನೆಯ ಲೆಕ್ಕ ಅದಕ್ಕಿಂತ ಭಿನ್ನವಾಗಿರಬಹುದು.