ವಾಷಿಂಗ್ಟನ್ ವಾಯುವಲಯದ ಭದ್ರತಾ ನಿರ್ಬಂಧಗಳು ಮತ್ತು ಸಣ್ಣ ವಿಮಾನಗಳ ಸುರಕ್ಷತೆ

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಆಕಾಶದಲ್ಲಿ ಖಾಸಗಿ ಹಾರಾಟಕ್ಕೆ ಕಟ್ಟುಪಾಡುಗಳು ಬಂದವು. 2003ರಲ್ಲಿ ತಾತ್ಕಾಲಿಕವಾಗಿ ಜಾರಿಯಾದ ರಕ್ಷಣಾ ವಲಯವು 2009ರಲ್ಲಿ ವಿಶೇಷ ಹಾರಾಟ ನಿಯಮಗಳ ವಲಯವಾಗಿ ಕಾಯಂಗೊಂಡಿತು. ಈ ನಿಯಮಗಳ ರಚನೆಯು ಖಾಸಗಿ ಪೈಲಟ್‌ಗಳ ಸುರಕ್ಷತೆಗೆ ಎಷ್ಟರ ಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಲಯದ ತ್ರಿಜ್ಯ 30 ನಾಟಿಕಲ್ ಮೈಲಿ. ಎತ್ತರ ನೆಲದಿಂದ 18,000 ಅಡಿಯವರೆಗೆ. ಒಳಬರುವ ಪೈಲಟ್ ಮುಂಚಿತವಾಗಿ ಹಾರಾಟ ಯೋಜನೆ ಸಲ್ಲಿಸಬೇಕು, ತನಗೆ ಕೊಟ್ಟ ಪ್ರತ್ಯೇಕ ಸಂಕೇತಸಂಖ್ಯೆಯನ್ನು ರಾಡಾರ್‌ಗೆ ಗುರುತು ತಿಳಿಸುವ ಉಪಕರಣವಾದ ಟ್ರಾನ್ಸ್‌ಪಾಂಡರ್‌ನಲ್ಲಿ ಹಾಕಬೇಕು, ನಿಯಂತ್ರಣ ಕೇಂದ್ರದೊಡನೆ ರೇಡಿಯೊ ಸಂಪರ್ಕದಲ್ಲಿರಬೇಕು. ವಲಯದ ನಡುವೆ, ರಾಜಧಾನಿಗೆ ಹತ್ತಿರವಿರುವ ಒಳವೃತ್ತದ ನಿಯಮಗಳು ಇನ್ನೂ ಬಿಗಿ. 1909ರಲ್ಲಿ ವಿಲ್ಬರ್ ರೈಟ್ ಸೇನಾಧಿಕಾರಿಗಳಿಗೆ ಹಾರಾಟ ಕಲಿಸಿದ ಕಾಲೇಜ್ ಪಾರ್ಕ್ ವಿಮಾನ ನಿಲ್ದಾಣ ಇರುವುದು ಇಲ್ಲಿಯೇ. ಈಗ ಅಲ್ಲಿಗೆ ಹಾರಲು ಪೈಲಟ್‌ನ ಪೂರ್ವಾಪರ ತನಿಖೆ ಆಗಿರಬೇಕು.

ಈ ವ್ಯವಸ್ಥೆಯ ಮುಖ್ಯ ಕೊರತೆ ಯೋಜನೆಯ ಸ್ವರೂಪದಲ್ಲಿದೆ. ಕಣ್ಣಳತೆಯಲ್ಲಿ, ಅಂದರೆ ಉಪಕರಣಗಳಿಗಿಂತ ಹೊರಗಿನ ನೋಟವನ್ನು ನಂಬಿ, ಹಾರುವವರು ವಲಯಪ್ರವೇಶಕ್ಕೆಂದು ಸಲ್ಲಿಸುವ ಯೋಜನೆ ಭದ್ರತೆಗೆ ಮಾತ್ರ ಮೀಸಲು. ವಿಮಾನ ಗುರಿ ತಲುಪದಿದ್ದರೆ ಈ ಯೋಜನೆಯ ಆಧಾರದಲ್ಲಿ ಶೋಧಕಾರ್ಯ ಆರಂಭವಾಗುವುದಿಲ್ಲ. ಅದಕ್ಕೆ ಬೇರೆಯೇ ಯೋಜನೆ ಬೇಕು. ರೇಡಿಯೊ ಸಂಪರ್ಕವಿದ್ದರೂ ಸುತ್ತಲಿನ ವಿಮಾನಗಳ ಬಗ್ಗೆ ಎಚ್ಚರಿಕೆ ತಾನಾಗಿ ದೊರೆಯದು. ಅದನ್ನು ಕೇಳಿ ಪಡೆಯಬೇಕು. ರಾಡಾರ್ ತನ್ನನ್ನು ನೋಡುತ್ತಿದೆ, ಹಾಗಾಗಿ ಕಾಯುತ್ತದೆ ಎಂದು ನಂಬಿದ ಪೈಲಟ್‌ಗೆ ಅಪಾಯ ಹೆಚ್ಚು.

ಎರಡನೆಯದು ಗಮನದ ಪ್ರಶ್ನೆ. ಕಣ್ಣಳತೆಯ ಹಾರಾಟದಲ್ಲಿ ಢಿಕ್ಕಿ ತಪ್ಪಿಸುವುದು ಹೊರಗಿಟ್ಟ ನೋಟ. ಗಡಿ ದಾಟಿಬಿಡುವ ಆತಂಕವು ಆ ನೋಟವನ್ನು ನಕ್ಷೆಗೂ ಉಪಕರಣಗಳಿಗೂ ಎಳೆಯುತ್ತದೆ. ಮೋಡ ಕವಿದಾಗ ಹಿಂತಿರುಗುವ ದಾರಿ ವಲಯದೊಳಗೆ ಹಾದರೆ ನಿರ್ಧಾರ ತಡವಾಗಬಹುದು. ತುರ್ತು ಸಂದರ್ಭದಲ್ಲಿ ನಿಯಮ ಮೀರುವ ಅಧಿಕಾರ ಪೈಲಟ್‌ಗೆ ಕಾನೂನಿನಲ್ಲೇ ಇದೆ. ಗಡಿ ದಾಟಿದರೆ ಯುದ್ಧವಿಮಾನ ಎದುರಾಗಬಹುದೆಂಬ ಭಯ ಅದನ್ನು ಬಳಸಲು ಹಿಂಜರಿಯುವಂತೆ ಮಾಡಬಾರದು.

ಭದ್ರತೆಯ ಕಾಳಜಿ ಹುಸಿಯಲ್ಲ. 2005ರ ಮೇ 11ರಂದು ದಾರಿತಪ್ಪಿದ ಸೆಸ್ನಾ 150 ವಿಮಾನದಿಂದಾಗಿ ಶ್ವೇತಭವನವನ್ನೂ ಸಂಸತ್ ಭವನವನ್ನೂ ತೆರವುಗೊಳಿಸಬೇಕಾಯಿತು. ಅದೇ ತಿಂಗಳು ಪೈಲಟ್‌ಗಳನ್ನು ಎಚ್ಚರಿಸುವ ಕೆಂಪು-ಹಸಿರು ಲೇಸರ್ ವ್ಯವಸ್ಥೆ ಬಳಕೆಗೆ ಬಂತು. 2009ರಿಂದ ವಾಷಿಂಗ್ಟನ್ನಿನ 60 ನಾಟಿಕಲ್ ಮೈಲಿಯೊಳಗೆ ಕಣ್ಣಳತೆಯಲ್ಲಿ ಹಾರುವವರಿಗೆ ತರಬೇತಿ ಕಡ್ಡಾಯವಾಯಿತು. ಪೈಲಟ್‌ಗೆ ತಿಳಿವಳಿಕೆ ಕೊಡುವ ಇಂಥ ಕ್ರಮಗಳಿಂದ ಭದ್ರತೆ, ಸುರಕ್ಷತೆ ಎಂಬ ಎರಡೂ ಉದ್ದೇಶಗಳು ಈಡೇರುತ್ತವೆ. ಯೋಜನೆಯ ವಿಷಯದಲ್ಲೂ ಇದೇ ನೀತಿ ಅನ್ವಯವಾಗಬೇಕು: ಭದ್ರತೆಗಾಗಿ ಗುರುತಿಸಿದ ವಿಮಾನ ಕಾಣೆಯಾದರೆ, ಅದೇ ದಾಖಲೆಯಿಂದ ಹುಡುಕಾಟವೂ ಆರಂಭವಾಗಬೇಕು.